2025ರಾಗ ಆಡಿದ ಆಟಗಳು: ನಿಮ್ಮ ಮೊದಲ ಐದು ಯಾವು? ಪ್ರಶಸ್ತಿ ಪಟ್ಟಿ ಬ್ಯಾಡ, ನಿಮ್ಮ ಪಟ್ಟಿ ಹೇಳ್ರಿ

ಉಪ್ಪಲಿ ಬುರುಜ್ · ವಿಜಯಪುರ

ಸಂಕ್ರಮಣ ಬಂತು. ಸಿದ್ಧೇಶ್ವರ ಜಾತ್ರಿ ಗದ್ದಲ ಸುರು ಆಗೂದ್ರೊಳಗ ಹೋದ ವರ್ಷದ ಹಿಶೇಬ ಮುಗಿಸಿಬಿಡೂಣು. ಏನೇನ್ ಆಡಿದ್ರಿ, ಯಾವುದು ಮ್ಯಾಲ, ಯಾವುದು ಕೆಳಗ? ನಿಯಮ ಎರಡ. ಆಟ 2025ರಾಗ ಬಿಡುಗಡೆ ಆಗಿರಬೇಕಂತೇನಿಲ್ಲ, ನೀವು 2025ರಾಗ ಆಡಿರಬೇಕು. ಯೂಟ್ಯೂಬ್‌ನ್ಯಾಗ ಮಂದಿ ಆಡೂದನ್ನ ನೋಡಿದ್ದು ಲೆಕ್ಕಕ್ಕಿಲ್ಲ.

ಮದ್ಲ ನಂದು, ಕೆಳಗಿಂದ ಮ್ಯಾಲ.

ಐದು: ಸ್ಪ್ಲಿಟ್ ಫಿಕ್ಷನ್. ಮಾರ್ಚ್‌ದಾಗ ಬಂದದ್ದು. ಇಬ್ಬರು ಕೂಡೇ ಆಡಬೇಕು, ಒಬ್ಬರ ಕೈಲೆ ಆಗಂಗಿಲ್ಲ. ನಾನೂ ನಮ್ಮ ಮನಿಯವರೂ ಟಿವಿ ಮುಂದ ಕುಂತು ಆಡಿದ್ವಿ. ಕಥಿ ಸಪ್ಪನ್ನದು, ಆದ್ರ ಒಂದು ಆಟ ಕೈಗೆ ಹತ್ತೂದ್ರೊಳಗ ಅದನ್ನ ಬಿಟ್ಟು ಮತ್ತೊಂದು ಹೊಸಾದು ಕೊಡ್ತದ, ಬ್ಯಾಸರಾಗಾಕ ಬಿಡಂಗಿಲ್ಲ.

ನಾಕು: ಯೂರೋಪಾ ಯೂನಿವರ್ಸಾಲಿಸ್ 5. ನವೆಂಬರ್‌ದಾಗ ಬಂತು. 1337ನೇ ಇಸ್ವಿಯಿಂದ ಆಟ ಸುರು. ನಕಾಶೆ ತೆರದ ಕೂಡ್ಲೇ ಎಲ್ಲಾರೂ ಮಾಡೂದು ಒಂದ, ತಮ್ಮೂರು ಹುಡುಕೂದು. ಆ ಹೊತ್ತಿಗೆ ನಮ್ಮ ಆದಿಲ್‌ಶಾಹಿ ಹುಟ್ಟಿಲ್ಲ, ಅದು 1490ರ ಮಾತು. ಬಹಮನಿ ಸೈತ ಇನ್ನೂ ಹತ್ತು ವರ್ಷ ದೂರ. ಕೃಷ್ಣಾ ಹೊಳಿ ಆಚೆ ವಿಜಯನಗರ ಈಗಷ್ಟ ಕಣ್ಣು ಬಿಡಾಕತ್ತದ. ಅದನ್ನ ತಗೊಂಡು ಆಡಿ, 1565ರ ತಾಳಿಕೋಟಿ ಯುದ್ಧ ಆಗದಂಗ ಮಾಡಬೇಕಂತ ಕುಂತೆ. ಅಲ್ಲಿ ತನಕ ಹೋಗೂದ್ರೊಳಗ ಲ್ಯಾಪ್‌ಟಾಪ್ ಕಾದು ಕೈ ಇಡಾಕ ಬರದಂಗ ಆತು. ಇನ್ನೂ ಮುಗದಿಲ್ಲ.

ಮೂರು: ಹಾಲೋ ನೈಟ್ ಸಿಲ್ಕ್‌ಸಾಂಗ್. 2019ರಾಗ ಹೇಳಿ 2025ರ ಸೆಪ್ಟೆಂಬರ್ 4ಕ್ಕ ಕೊಟ್ರು. ಕೊಳ್ಳಾಕ ಮಂದಿ ಎಷ್ಟು ಬಿದ್ರಂದ್ರ ಆನ್‌ಲೈನ್ ಅಂಗಡಿಗೋಳು ಸ್ವಲ್ಪ ಹೊತ್ತು ಬಾಗಲನ ತೆರೀಲಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನ್ಯಾಗ ಕುಂತು ಕೈಬೆರಳಿನಷ್ಟು ಮಂದಿ ಮಾಡಿದ ಆಟ, 20 ಡಾಲರ್‌ಕ್ಕ. ಚೆಂದ ಅದ, ಆದ್ರ ಸಿಟ್ಟು ತರಸ್ತದ.

ಎರಡು: ಕ್ಲೇರ್ ಅಬ್ಸ್‌ಕ್ಯೂರ್ ಎಕ್ಸ್‌ಪೆಡಿಶನ್ 33. ಇದರ ಬಗ್ಗೆ ಎಲ್ಲಾರೂ ಬರದಾರ, ನಾ ಏನ್ ಹೇಳ್ಲಿ. ಹಾಡು ಕೇಳ್ರಿ.

ಒಂದು: ಕಿಂಗ್‌ಡಮ್ ಕಮ್ ಡೆಲಿವರೆನ್ಸ್ 2. ಇಲ್ಲಿ ಸ್ವಲ್ಪ ಬರೀತೀನಿ.

1403ನೇ ಇಸ್ವಿಯ ಬೊಹೆಮಿಯಾ, ಅಂದ್ರ ಈಗಿನ ಚೆಕ್ ದೇಶ. ನೀವು ರಾಜಾನೂ ಅಲ್ಲ, ಮಂತ್ರವಾದಿನೂ ಅಲ್ಲ. ಹೆನ್ರಿ ಅಂತ ಕಂಬಾರನ ಮನ್ಯಾಗ ಬೆಳದ ಹುಡುಗ. ಸುರುವಾತಿನಾಗ ಎಲ್ಲಾ ಕಳಕೊಂಡು, ಊರ ನಡುವ ಕಟ್ಟಿಗಿ ಹಲಗಿಗೆ ಕೈ ಸಿಗಸಿ ನಿಲ್ಲಸ್ತಾರ. ಅರಿವಿ ಹೊಲಸಾಗಿದ್ರ ಮಂದಿ ಮಾರಿ ತಿರುವತಾರ. ತೊಳಕೊಂಡು, ಛಲೋ ಅಂಗಿ ಹಾಕ್ಕೊಂಡು ಹೋದ್ರ ಅದೇ ಮಂದಿ ಬರ್ರಿ ಅಂತಾರ.

ನನ್ನ ಹಿಡದದ್ದು ಯುದ್ಧ ಅಲ್ಲ. ಟ್ರೋಸ್ಕಿ ಅಂತ ಒಂದು ಕೋಟಿ ಬರ್ತದ. ಎರಡು ಕಲ್ಲಿನ ಕೊಡಿ ಮ್ಯಾಲ ಎರಡು ಬುರುಜು. ಒಂದಕ್ಕ ಪನ್ನಾ, ಅಂದ್ರ ಹುಡುಗಿ. ಇನ್ನೊಂದಕ್ಕ ಬಾಬಾ, ಅಂದ್ರ ಮುದುಕಿ. ಇವತ್ತು ಚೆಕ್ ದೇಶದಾಗ ಅದು ಬರೇ ಹಾಳುಗ್ವಾಡಿ. ಆಟದಾಗ ಪೂರಾ ಅದ: ಮ್ಯಾಲ ಛಾವಣಿ, ಒಳಗ ಅಡಗಿಮನಿ, ಕುದುರಿ ಲಾಯ, ಕಾವಲಿನವ ಆಕಳಸ್ಕೊಂತ ನಿಂತಾನ. ಅದನ್ನ ನೋಡಿದ ಮ್ಯಾಲ ನಾ ಗಗನ ಮಹಲ್ ಮುಂದ ಹಾಯೂ ರೀತಿನ ಬದಲಾತು. 1561ರಾಗ ಕಟ್ಟಿದ್ದು, ಇವತ್ತು ದೊಡ್ಡ ಕಮಾನು ನಿಂತದ, ಒಳಗಿನ ಕಟ್ಟಿಗಿ ಕೆಲಸ ಎಲ್ಲಾ ಹೋಗೇದ. ಸಂಜೀಕ ಅದರ ಮುಂದ ಮಂದಿ ಶೇಂಗಾ ತಿನ್ಕೊಂತ ಕುಂತಿರ್ತಾರ. ಈಗ ನನಗ ಮ್ಯಾಲಿನ ಅಟ್ಟ, ಜಾಲಂದ್ರ, ಕೆಳಗ ದರ್ಬಾರು, ಎಲ್ಲಾ ಎಲ್ಲೆಲ್ಲಿ ಇದ್ದಿರಬೇಕು ಅಂತ ಲೆಕ್ಕ ಹಾಕೂ ಚಟ ಹತ್ತೇದ. ಇಂಥಾದ್ದು ಮಾಡಿದ ಆಟ ಬ್ಯಾರೆ ಯಾವುದೂ ಇಲ್ಲ. ಅದಕ್ಕ ಒಂದನೇ ನಂಬರ್. ಬಡೀರಿ ಈಗ.

ಖಡೇಬಜಾರ್ ಕುಂದಾ · ಬೆಳಗಾವಿ

ಬುರುಜಣ್ಣಾ, ಎಕ್ಸ್‌ಪೆಡಿಶನ್ 33ಕ್ಕ ಒಂದ ಸಾಲು ಬರದು ಎರಡನೇ ನಂಬರ್ ಕೊಟ್ರ ಅನ್ಯಾಯ ಆಗತೈತಿ. ಡಿಸೆಂಬರ್‌ದಾಗ ದಿ ಗೇಮ್ ಅವಾರ್ಡ್ಸ್‌ನ್ಯಾಗ ವರ್ಷದ ಆಟ ಅಂತ ಅದಕ್ಕ ಕೊಟ್ಟಾರ, ಸುಮ್ಮ ಕೊಟ್ಟಿಲ್ಲ.

ಫ್ರಾನ್ಸಿನ ಮೋಂಪೆಲಿಯೇದಾಗ ಸಣ್ಣ ಕಂಪನಿ, ಅವರ ಮೊದಲನೇ ಆಟ ಇದು. ಕಥಿ ಏನಪಾ ಅಂದ್ರ, ದೂರದಾಗ ಒಂದು ದೊಡ್ಡ ಕಂಬ. ಅದರ ಮ್ಯಾಲ ಒಬ್ಬಾಕಿ ವರ್ಷಕ್ಕೊಮ್ಮೆ ಎದ್ದು ಒಂದು ಸಂಖ್ಯಾ ಬರೀತಾಳ. ಆ ವಯಸ್ಸಿನವರೆಲ್ಲಾ ಆವತ್ತ ಹೂವಿನ ಎಸಳಾಗಿ ಗಾಳ್ಯಾಗ ಹೋಗಿಬಿಡ್ತಾರ. ವರ್ಷಾ ಸಂಖ್ಯಾ ಒಂದೊಂದು ಕಡಿಮಿ ಆಗ್ಕೊಂತ ಬಂದೈತಿ. ಈಗ 33. ನಾ ಆಡಿದಾಗ ನನಗ 32. ವಿಚಾರ ಮಾಡ್ರಿ.

ಪಾಳಿ ಪ್ರಕಾರ ಹೊಡದಾಡೂ ಆಟ ಅಂದ್ರ ನಾ ದೂರ ಇರತಿದ್ದೆ, ನಿದ್ದಿ ಬರ್ತಿತ್ತು. ಇದರಾಗ ಎದುರಿನವ ಹೊಡಿಯೂ ಮುಂದ ಸರಿಯಾದ ಕ್ಷಣಕ್ಕ ಬಟನ್ ಒತ್ತಿದ್ರ ಪೆಟ್ಟು ತಪ್ಪತೈತಿ, ಇಲ್ಲಾ ತಿರುಗಿ ಅವನಿಗೇ ಬೀಳತೈತಿ. ಕಣ್ಣಿಗಿಂತ ಕಿವಿ ಮ್ಯಾಲ ಆಡೂ ಆಟ ಅದು. ಶತ್ರು ಕೈ ಎತ್ತಿದ ಕೂಡ್ಲೇ ಒತ್ತಬಾರದು, ಬೇಕಂತ ತಡಾ ಮಾಡ್ತಾನ. ಶಬ್ದ ಕೇಳಿ ಒತ್ತಬೇಕು. ನಮ್ಮಲ್ಲಿ ಮಳಿಗಾಲದಾಗ ಹೊರಗ ಹೋಗಾಕ ಬರಂಗಿಲ್ಲ, ಜುಲೈ ಪೂರಾ ಹೆಡ್‌ಫೋನ್ ಹಾಕ್ಕೊಂಡು ಇದೇ ಕೆಲಸ.

ಕಥಿ ಮೂರನೇ ಭಾಗಕ್ಕ ಬಂದ ಮ್ಯಾಲ ಗೊತ್ತಾಗತೈತಿ ಇಷ್ಟೊತ್ತನಕ ನಾವು ನೋಡಿದ್ದು ಬರೇ

ಘಟಪ್ರಭಾ ದಂಡಿ · ಗೋಕಾಕ

ನಿಲ್ಲಸೋ ಮಾರಾಯಾ!! ಕೆಲವರು ಇನ್ನೂ ಆಡಾಕತ್ತೀವಿ.

ಖಡೇಬಜಾರ್ ಕುಂದಾ · ಬೆಳಗಾವಿ

ನಿಲ್ಲಿಸೀನಿ. ಅರ್ಧಕ್ಕ ಬಿಟ್ಟು ಕಳಸೀನಿ ನೋಡ್ರಿ, ಅಷ್ಟು ಸಭ್ಯ ಮನಷಾ ನಾ.

ನವನಗರ ಸ್ಕ್ವಾಡ್ · ಬಾಗಲಕೋಟೆ

ಬಿಜಿಎಂಐ, ಫೋನಿನ್ಯಾಗ ಆಡೂ ಬಂದೂಕಿನ ಆಟ. ಒಂದನೇದ್ದೂ ಅದ, ಐದನೇದ್ದೂ ಅದ. ನಾಕು ಮಂದಿ ದೋಸ್ತರು, ನಾಕು ಫೋನು, ರಾತ್ರಿ ಊಟಾ ಮುಗದ ಮ್ಯಾಲ ಅದರಾಗಿನ ಎರಂಗಲ್ ನಕಾಶೆ. 2022ರಾಗ ತೆಗದು ಹಾಕಿದಾಗ ಒಬ್ಬಾವ ಪುಣೆಕ್ಕ, ಒಬ್ಬಾವ ಬೆಂಗಳೂರಿಗೆ ಹೋಗಿದ್ರು, ಮಾತ ಬಿದ್ದುಹೋಗಿತ್ತು. 2023ರ ಮೇದಾಗ ತಿರುಗಿ ಬಂದ ಮ್ಯಾಲ ಮತ್ತ ದಿನಾ ಮಾತಾಡ್ತೀವಿ. ನಿಮ್ಮ ಫ್ರಾನ್ಸ್, ಚೆಕ್ ಎಲ್ಲಾ ಇರಲಿ ಕಾಕಾ.

ಉಪ್ಪಲಿ ಬುರುಜ್ · ವಿಜಯಪುರ

ಕಾಕಾ ಅನ್ನೂವಷ್ಟು ವಯಸ್ಸಾಗಿಲ್ಲೋ ತಮ್ಮಾ. ನಿನ್ನ ಮತ ಲೆಕ್ಕಕ್ಕ ಹಿಡದೀನಿ.

ತಿಕೋಟಾ ಒಣದ್ರಾಕ್ಷಿ · ವಿಜಯಪುರ ಜಿಲ್ಲಾ

ಗಂಡಸರ ಪಟ್ಟಿ ಎಲ್ಲಾ ಕತ್ತಿ, ಕೋಟಿ, ಬಂದೂಕಿನವ ಆದವು. ನಂದು ಸ್ಟಾರ್‌ಡ್ಯೂ ವ್ಯಾಲಿ. 2016ರ ಹಳೇ ಆಟ, ಎರಿಕ್ ಬರೋನ್ ಅಂತ ಒಬ್ಬನ ಕುಂತು ಚಿತ್ರ, ಸಂಗೀತ, ಕೋಡ್ ಎಲ್ಲಾ ಮಾಡಿದ್ದು. 2024ರಾಗ ಅದಕ್ಕ 1.6 ಅಂತ ದೊಡ್ಡ ನವೀಕರಣ ಕೊಟ್ಟ, ಅದರಾಗ ಹಣ್ಣು ಒಣಗಸೂ ಯಂತ್ರ ಬಂತು. ನಾ ಹೋದ ವರ್ಷ ಅದಕ್ಕಂತನ ಸುರು ಮಾಡಿದೆ.

ನಮ್ಮನಿ ದ್ರಾಕ್ಷಿದು. ಮನ್ಯಾಗ ಎಲ್ಲಾರೂ ನಕ್ಕರು, ಹಗಲೆಲ್ಲಾ ಪಡದಾಗ, ರಾತ್ರಿ ಫೋನಿನ್ಯಾಗ ಮತ್ತ ಪಡಾನ ಏನು ಅಂತ. ಆದ್ರ ಫರಕ ನೋಡ್ರಿ. ಆಟದಾಗ ಒಂದು ಋತು ಅಂದ್ರ 28 ದಿನ. ಶರದ್ ಋತುವಿನಾಗ ದ್ರಾಕ್ಷಿ ಸಸಿ ಹಚ್ಚಿದ್ರ 10 ದಿನಕ್ಕ ಹಣ್ಣು, ಆಮ್ಯಾಲ ಮೂರು ದಿನಕ್ಕೊಮ್ಮೆ ಬಿಡಿಸ್ಕೊಂತ ಇರಬೇಕು. ಚಾಟ್ನಿ, ಅಂದ್ರ ಬಳ್ಳಿ ಕತ್ತರಸೂದು ಇಲ್ಲ, ಔಷಧ ಹೊಡಿಯೂದಿಲ್ಲ, ಕೂಲಿ ಮಂದಿ ಹುಡುಕೂದಿಲ್ಲ. ಐದು ಹಣ್ಣು ಯಂತ್ರಕ್ಕ ಹಾಕಿದ್ರ ಮರುದಿನಾ ಮುಂಜಾನೆ ಒಣದ್ರಾಕ್ಷಿ ರೆಡಿ. ನಮ್ಮಲ್ಲಿ ಗೊನಿ ಎಣ್ಣಿ ನೀರಾಗ ಅದ್ದಿ, ಶೆಡ್ಡಿನ ಜಾಳಗಿ ಮ್ಯಾಲ ಹರವಿ, ಎರಡು ವಾರ ಆಕಾಶ ನೋಡ್ಕೊಂತ ಕುಂದ್ರಬೇಕು. ಮಾರ್ಚ್‌ದಾಗ ಒಂದು ಮೋಡ ಬಂದ್ರ ನಮ್ಮ ಮಾವಾರು ಊಟಾ ಬಿಡ್ತಾರ.

ಅದಕ್ಕ ನನಗದು ಆರಾಮ ಕೊಡ್ತದ. ಎಲ್ಲಾ ಕೆಲಸ ಅವ, ಚಿಂತಿ ಇಲ್ಲ. ಒಂದ ತಕರಾರು: ದ್ರಾಕ್ಷಿ ಬಳ್ಳಿ ಹಬ್ಬಿಸಿದ ಚಪ್ಪರದಾಗ ಹಾಯ್ದು ಹೋಗಾಕ ಬರಂಗಿಲ್ಲ. ಗ್ವಾಡಿಗತೆ ಅಡ್ಡ ನಿಂದ್ರತದ, ಸುತ್ತು ಹಾಕ್ಕೊಂಡ ಹೋಗಬೇಕು. ದ್ರಾಕ್ಷಿ ಚಪ್ಪರ ಇರೂದ ಅದರ ಬುಡಕ ಹಾಯ್ದು ಕೆಲಸ ಮಾಡಾಕ. ಆ ಎರಿಕ್ ಒಮ್ಮೆ ತಿಕೋಟಾಕ್ಕ ಬಂದು ನೋಡಬೇಕಿತ್ತು.

ಉಪ್ಪಲಿ ಬುರುಜ್ · ವಿಜಯಪುರ

ಅಕ್ಕಾರ, ಇದು ಓದಿ ನಮ್ಮ ಮನಿಯವರು ಈಗ ಅದನ್ನ ಡೌನ್‌ಲೋಡ್ ಮಾಡಾಕತ್ತಾರ. ಯೂರೋಪಾಕ್ಕ ಇದ್ದ ಜಾಗಾ ಹೋತು.

ಕುಲುಮಿ ಮನಿ · ಬಾಗಲಕೋಟೆ ಜಿಲ್ಲಾ

ಬುರುಜ್ ಸರ್ರ, ನೀವು ಕಿಂಗ್‌ಡಮ್ ಕಮ್ ಒಂದನೇದ್ದು ಅಂದ್ರಿ, ಆದ್ರ ಅದರಾಗಿನ ಕುಲುಮಿ ಬಗ್ಗೆ ಒಂದಕ್ಷರ ಬರೀಲಿಲ್ಲ. ನಾ ಬರೀತೀನಿ. ನಮ್ಮಜ್ಜ, ನಮ್ಮಪ್ಪ ಇಬ್ಬರೂ ಕಂಬಾರಕಿ ಮಾಡ್ಯಾರ. ನಾ ಬ್ಯಾರೆ ನೌಕರಿ ಹಿಡದೀನಿ, ಆದ್ರ ಸಣ್ಣಾವಿದ್ದಾಗ ತಿದಿ ಊದೂ ಕೆಲಸ ನಂದ ಇತ್ತು.

ಆಟದಾಗ ಹೆನ್ರಿ ಕಬ್ಬಣಾ ಬೆಂಕ್ಯಾಗ ಇಡ್ತಾನ, ನೀವು ತಿದಿ ಒತ್ತಬೇಕು. ಕೆಂಪಾದ ಮ್ಯಾಲ ಅಡಿಗಲ್ಲಿನ ಮ್ಯಾಲ ಇಟ್ಟು ಸುತ್ತಿಗಿ. ಒಂದ ಕಡೆ ಬಡದ್ರ ನಡೆಯಂಗಿಲ್ಲ, ಉದ್ದಕೂ ಸರಕೋಂತ ಬಡೀಬೇಕು, ತಿರುವಿ ಹಾಕಬೇಕು. ಆರಿದ ಮ್ಯಾಲ ಎಷ್ಟು ಬಡದ್ರೂ ಉಪಯೋಗಿಲ್ಲ, ಮತ್ತ ಬೆಂಕಿಗೆ. ಬಡತದ ಲಯ ಸರಿ ಇದ್ರ ಹೆನ್ರಿ ಶಿಳ್ಳಿ ಹಾಕ್ಕೊಂತ ಬಡೀತಾನ. ಈ ಶಿಳ್ಳಿ ಒಂದ ಸಾಕು ನನಗ, ಮಾಡಿದವರು ಕುಲುಮ್ಯಾಗ ಕುಂತು ನೋಡ್ಯಾರ ಅಂತ ಗೊತ್ತಾಗತೈತಿ. ಲಯ ತಪ್ಪಿದ್ರ ರಟ್ಟಿ ನೋಯತಾವು, ನಮ್ಮಪ್ಪನೂ ಏನರೆ ಗುನುಗತಿದ್ದ.

ತಪ್ಪು ಎಲ್ಲೈತಿ? ಕಡೀಕ ನೀರಿಗೆ ಅದ್ದೂದು. ಆಟದಾಗ ಪೂರಾ ಒಮ್ಮೆ ಅದ್ದಿದ್ರ ಮುಗೀತು. ಕುಡಗೋಲಿಗೆ ನಾವು ಹಂಗ ಮಾಡಂಗಿಲ್ಲ. ಅಲಗಿನ ಅಂಚಷ್ಟ ಅದ್ದಿ, ಬಣ್ಣ ಹ್ಯಾಂಗ ತಿರಗತೈತಿ ನೋಡಿ, ಹದ ಹಿಡದು ಮತ್ತ ಅದ್ದಬೇಕು. ಪೂರಾ ಗಟ್ಟಿ ಆದ್ರ ಕಲ್ಲಿಗೆ ಹತ್ತಿದ ಕೂಡ್ಲೇ ಚೂರು ಹಾರತೈತಿ. ಅಪ್ಪಗ ತೋರಿಸಿದೆ. ಅಂವ ಕನ್ನಡಕ ಹಾಕ್ಕೊಂಡು ಪೂರಾ ನೋಡಿ, "ಇಂವಗ ಇನ್ನೂ ಎರಡು ವರ್ಷ ತಿದಿ ಊದಾಕ ಹಚ್ಚಬೇಕಿತ್ತು" ಅಂದ.

ಆದ್ರೂ ನನ್ನ ಪಟ್ಟಿಯಾಗೂ ಇದ ಒಂದನೇದ್ದು. ಎರಡರಿಂದ ಐದು ಯಾವು ಅಂತ ಕೇಳಬ್ಯಾಡ್ರಿ, ಬ್ಯಾರೆ ಏನೂ ಆಡಿಲ್ಲ.

ಘಟಪ್ರಭಾ ದಂಡಿ · ಗೋಕಾಕ

ಕುಲುಮಿ ಅಣ್ಣಾ, ನಿಮ್ಮ ಅಪ್ಪಾರಿಗೆ ನಮಸ್ಕಾರ ಹೇಳ್ರಿ.

ನಂದೊಂದು ಬ್ಯಾರೆ ಮಾತೈತಿ. ಕಿಂಗ್‌ಡಮ್ ಕಮ್ ಎಲ್ಲಾರಿಗೂ ಛಲೋ, ಆದ್ರ ನಡುವ ಸೇವ್ ಮಾಡಾಕ ದಾರೂ ಕುಡೀಬೇಕು! ಸೇವಿಯರ್ ಶ್ನಾಪ್ಸ್ ಅಂತ ಬಾಟ್ಲಿ ಇರಬೇಕು, ಇಲ್ಲಾ ಹಾಸಗಿ ಹುಡುಕಿ ಮಲಗಬೇಕು, ಇಲ್ಲಾ ಆಟ ಬಿಟ್ಟು ಹೊರಗ ಬರಬೇಕು. ನಮ್ಮೂರಾಗ ಕರೆಂಟ್ ಯಾವಾಗ ಹೋಗತೈತಿ ದೇವರಿಗೂ ಗೊತ್ತಿಲ್ಲ. ಡೆಸ್ಕ್‌ಟಾಪ್ ಇದ್ದವರ ಸಂಕಟ ಲ್ಯಾಪ್‌ಟಾಪ್‌ನವರಿಗೆ ತಿಳಿಯಂಗಿಲ್ಲ. ಒಂದು ದೊಡ್ಡ ಗುದ್ದಾಟ ಗೆದ್ದು, ಹೆಣದ ಮ್ಯಾಲಿನ ಕವಚಾ ಬಿಚ್ಚಾಕತ್ತಿದ್ದೆ, ಪಂಪ್‌ಸೆಟ್‌ನವರು ಮೋಟಾರ್ ಚಾಲೂ ಮಾಡಿದ್ರು, ಧಪ್ ಅಂತ ಎಲ್ಲಾ ಆರಿತು. ಮುಂದಿನ ವಾರ ಆಟಾನ ಮುಟ್ಟಲಿಲ್ಲ.

ಅದಕ್ಕ ನನ್ನ ಪಟ್ಟಿಗೆ ಒಂದ ಅಳತಿ: ಕರೆಂಟ್ ಹೋದ್ರ ಎಷ್ಟು ಕಳಕೊಂತೀನಿ. ಆ ಲೆಕ್ಕದಾಗ ಒಂದನೇದ್ದು ಎಲ್ಡೆನ್ ರಿಂಗ್. 2022ರ ಆಟ, ನಾ ಹೋದ ವರ್ಷ ಆಡಿದೆ. ಹೆಜ್ಜಿ ಹೆಜ್ಜಿಗೂ ತಾನ ಸೇವ್ ಮಾಡ್ಕೊಂತೈತಿ. ಆಟ ನಮ್ಮನ್ನ ನೂರು ಸಲ ಕೊಲ್ಲತೈತಿ ಖರೇ, ಆದ್ರ ಕರೆಂಟಿನ ಕೈಯಾಗ ಸಾಯಾಕ ಬಿಡಂಗಿಲ್ಲ. ಎರಡನೇದ್ದು ಹೇಡೀಸ್ 2: ಒಂದೊಂದು ಕೋಣಿ ಮುಗದಂಗ ಉಳಕೊಂತೈತಿ. ಸ್ಟಾರ್‌ಡ್ಯೂ ಕೊನೀಗೆ. ಅದರಾಗ ರಾತ್ರಿ ಮಲಗಿದ್ರ ಮಾತ್ರ ಸೇವ್, ಹಗಲು ಪೂರಾ ದುಡದದ್ದು ನೀರಾಗ.

ತಿಕೋಟಾ ಒಣದ್ರಾಕ್ಷಿ · ವಿಜಯಪುರ ಜಿಲ್ಲಾ

ಫೋನಿನ್ಯಾಗ ಆಡ್ರಿ ತಮ್ಮಾರ. ಕರೆಂಟ್ ಹೋದ್ರೂ ಬೆಳಿ ನಿಂತಿರ್ತದ.

ಖಡೇಬಜಾರ್ ಕುಂದಾ · ಬೆಳಗಾವಿ

ಇದ್ಯಾವ ನ್ಯಾಯ? ಆಟಕ್ಕ ಅಂಕ ಕೊಡಬೇಕೋ, ನಿಮ್ಮ ಓಣಿ ಟ್ರಾನ್ಸ್‌ಫಾರ್ಮರ್‌ಗೆ ಕೊಡಬೇಕೋ? ಯುಪಿಎಸ್ ತಗೊಂಡಾವ ಮುಂದಿನ ವರ್ಷ ಪಟ್ಟಿ ಬದಲಿ ಮಾಡ್ತಾನೇನು?

ಉಪ್ಪಲಿ ಬುರುಜ್ · ವಿಜಯಪುರ

ಯಾಕ ಮಾಡಬಾರ್ದು? ಪ್ರಶಸ್ತಿ ಕೊಡೂ ಮಂದಿ ಎಸಿ ಕೋಣ್ಯಾಗ ಕುಂತು ಆಡ್ತಾರ. ನಾವು ಏಪ್ರಿಲ್‌ದಾಗ ನಲವತ್ತು ಡಿಗ್ರಿ ಬಿಸಲಾಗ, ಮಗ್ಗಲಕ ಟೇಬಲ್ ಫ್ಯಾನ್ ಹಚ್ಚಿ, ಆಡ್ತೀವಿ. ಆಟ ಕೈಗೆ ಹ್ಯಾಂಗ ಬಂತು ಅನ್ನೂದು ಆಟದಾಗಿಂದ. ಘಟಪ್ರಭಾ ಅವರ ಅಳತಿ ನನ್ನದಲ್ಲ, ಆದ್ರ ಅಳತಿ ಅಂತೂ ಖರೇ. ಪ್ರಶಸ್ತಿ ಬಂದದ ಅಂತ ಮ್ಯಾಲ ಇಡೂದಕ್ಕಿಂತ ಇದು ಛಲೋ.

ಹಿಂದಿನ ಬೆಂಚ್ · ಬೆಳಗಾವಿ

ಇಂಜಿನಿಯರಿಂಗ್ ಕೊನೇ ವರ್ಷ. ನನ್ನ ಪಟ್ಟಿಯಾಗ ಮ್ಯಾಲಿಂದು ಬಲಾಟ್ರೋ, ಕೆಳಗ ಯಾವುದಿದ್ರೂ ನಡೀತೈತಿ.

ಗೊತ್ತಿಲ್ಲದವರಿಗೆ: ಇದು ಇಸ್ಪೀಟು. ಆದ್ರ ಎದುರಿಗೆ ಯಾರೂ ಇಲ್ಲ, ರೊಕ್ಕಾ ಇಲ್ಲ. ಎಂಟು ಎಲಿ ಕೈಯಾಗ, ಐದರ ತನಕ ಇಳಸಬಹುದು. ಮೊದಲನೇ ಹಂತಕ್ಕ 300 ಅಂಕ ಬೇಕು, ನಾಕು ಸಲ ಇಳಸಾಕ ಅವಕಾಶ. ಎರಡು ಹತ್ತು ಇಳಸಿದ್ರಿ ಅಂದ್ರ ಜೋಡಿ. ಜೋಡಿಗೆ 10 ಅಂಕ, ಎರಡು ಎಲಿದು 20, ಕೂಡಿ 30. ಎರಡರಿಂದ ಗುಣಿಸಿದ್ರ 60. ಇಷ್ಟರಾಗ ಎಲ್ಲಿ ಮುಟ್ಟತೀರಿ? ಅದಕ್ಕ ಜೋಕರ್. 150 ಜೋಕರ್ ಅದಾವು, ಒಂದೊಂದು ಒಂದೊಂದು ನಮೂನಿ ನಿಯಮ ಮುರೀತಾವು. ಸಾದಾ ಜೋಕರ್ ಇದ್ರ ಎರಡರ ಜಾಗದಾಗ ಆರರಿಂದ ಗುಣಾಕಾರ, ಅದೇ ಜೋಡಿ 180. ಹಿಂಗ ಐದು ಜೋಕರ್ ಒಂದಕ್ಕೊಂದು ಕೂಡಿದ್ರ ಅಂಕ ಲಕ್ಷಕ್ಕ ಹಾರತೈತಿ. ಅಂಕಿ ಏರೂ ಮುಂದ ಆ ಸಂಖ್ಯಾಕ್ಕ ಬೆಂಕಿ ಹತ್ತತೈತಿ ನೋಡ್ರಿ, ಆ ಬೆಂಕಿ ಸಲುವಾಗಿ ಮತ್ತೊಂದು ಆಟ, ಮತ್ತೊಂದು ಆಟ.

ಅಪ್ಪ ಒಂದಿನ ಹಿಂದ ಬಂದು ನಿಂತು ನೋಡಿಬಿಟ್ಟ. ಆಗಸ್ಟ್‌ದಾಗ ಸಂಸತ್ತಿನ್ಯಾಗ ರೊಕ್ಕಾ ಕಟ್ಟಿ ಆಡೂ ಆನ್‌ಲೈನ್ ಆಟ ಬಂದ್ ಮಾಡೂ ಕಾಯ್ದೆ ಪಾಸ್ ಆಗಿತ್ತಲ್ಲ, ಮನ್ಯಾಗ ಅದ ಮಾತು ನಡದಿತ್ತು. "ಅಂದರ್ ಬಾಹರ್ ಆಡ್ತೀಯೇನಲೇ, ಎಷ್ಟು ಕಳದಿ?" ಅಂತ ಸುರು ಮಾಡಿದ. ಯುಪಿಐ ಹಿಸ್ಟರಿ ತೆಗದು ತೋರಿಸಿದ ಮ್ಯಾಲ ಸುಮ್ಮಾದ. ಯುರೋಪಿನಾಗೂ ಹಿಂಗ ಆಗೇತ್ರಿ: ಇಸ್ಪೀಟ್ ಚಿತ್ರ ಐತಿ ಅಂತ ವಯಸ್ಸಿನ ಮಂಡಳಿಯವರು ಅದಕ್ಕ 18 ಅಂತ ಮುದ್ರಿ ಒತ್ತಿದ್ರು, 2025ರ ಫೆಬ್ರುವರಿಯಾಗ 12ಕ್ಕ ಇಳಿಸಿದ್ರು. ಅಪ್ಪಗ ಅದನ್ನ ಹೇಳಿದೆ. "ಅವರು ಇಳಿಸ್ಯಾರು, ನಾ ಇಳಸಂಗಿಲ್ಲ" ಅಂದ.

ಉಪ್ಪಲಿ ಬುರುಜ್ ಮನಿಯವರು · ವಿಜಯಪುರ

ನಾನೂ ಒಂದು ಮಾತು ಬರೀಲಿ? ನಮ್ಮವರು ಸ್ಪ್ಲಿಟ್ ಫಿಕ್ಷನ್‌ನ ಐದನೇದ್ದಕ್ಕ ಇಟ್ಟಾರ. ಯಾಕ ಗೊತ್ತೇನ್ರಿ? ಅದರಾಗ ಅವರು ಸಾಯೂದು ಹೆಚ್ಚು, ನಾ ಕಾಯೂದು ಹೆಚ್ಚು.

ಅದರಾಗ ಒಂದು ಹಂದಿ ಭಾಗ ಬರ್ತದ. ಇಬ್ಬರೂ ಹಂದಿಮರಿ ಆಗ್ತೀವಿ. ಒಂದು ಹಂದಿ ಸ್ಪ್ರಿಂಗಿನಂಗ ಉದ್ದಾಗ್ತದ, ಇನ್ನೊಂದು ಹೂಸು ಬಿಟ್ಟು ಹಾರ್ತದ, ಹಿಂದ ಕಾಮನಬಿಲ್ಲು ಬೀಳ್ತದ. ನಾವು ನಕ್ಕೊಂತ ಹೊಂಟೀವಿ, ಎಲ್ಲಾ ಬಣ್ಣಬಣ್ಣ. ಕಡೀಕ ಒಂದು ಯಂತ್ರದಾಗ ಬಿದ್ವಿ. ಆಚೆ ಕಡೆ ಹೊರಗ ಬಂದದ್ದು ಎರಡು ಸಾಸೇಜ್! ಮುಂದ ಆ ಸಾಸೇಜ್ ಆಗೇ ಉರುಳಿ ಆಡಬೇಕು. ನಮ್ಮತ್ತಿ ಅದ ಹೊತ್ತಿಗೆ ಚಾ ತಗೊಂಡ ಬಂದ್ರು. "ಇದು ಏನವಾ?" ಅಂದ್ರು. ನಾ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ನನಗದು ಒಂದನೇದ್ದು. ಒಬ್ಬರು ಕೊಂಡ್ರ ಇನ್ನೊಬ್ಬರು ಬ್ಯಾರೆ ಊರಿನಿಂದ ಪುಕಟ ಕೂಡಬಹುದು, ಫ್ರೆಂಡ್ಸ್ ಪಾಸ್ ಅಂತ ಅದ. ನಮ್ಮ ತಂಗಿ ಜೋಡಿ ಇನ್ನೊಮ್ಮೆ ಆಡಿ ಮುಗಿಸೀನಿ. ಅಕಿ ಸಾಯಂಗಿಲ್ಲ.

ಉಪ್ಪಲಿ ಬುರುಜ್ · ವಿಜಯಪುರ

🙏

ಬಾದಾಮಿ ಮೇಷ್ಟ್ರು · ಬಾಗಲಕೋಟೆ ಜಿಲ್ಲೆ

ಎಲ್ಲರ ಪಟ್ಟಿ ಓದಿದೆ. ನನ್ನದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಹೊಸ ಆಟಗಳು ತೆರೆಯುವುದೂ ಇಲ್ಲ. ಹೋದ ವರ್ಷ ಮುಗಿಸಿದ್ದು ಎರಡೇ ಆಟ.

ಎರಡನೆಯದು ವೆಂಬಾ (2023). ಕೆನಡಾಕ್ಕೆ ಹೋದ ತಮಿಳು ಕುಟುಂಬ, ತಾಯಿಯ ಹಳೆಯ ಅಡುಗೆ ಪುಸ್ತಕ, ಹಾಳೆಗಳಲ್ಲಿ ಅಕ್ಷರ ಅಳಿಸಿಹೋಗಿದೆ. ಬಿಟ್ಟುಹೋದ ಹಂತವನ್ನು ನಾವು ಊಹಿಸಬೇಕು. ಮೊದಲನೆಯದು ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಇಡುವಾಗ ಹಬೆ ಮೇಲಕ್ಕೆ ಹೋಗಲು ದಾರಿ ಇರಬೇಕು, ಇಲ್ಲದಿದ್ದರೆ ಮೇಲಿನವು ಬೇಯುವುದಿಲ್ಲ. ನನ್ನ ಹೆಂಡತಿ ನೋಡಿದ ಕೂಡಲೇ ಹೇಳಿದಳು, ನಾನು ಆಮೇಲೆ ಕಂಡುಕೊಂಡೆ. ಎರಡು ಸಂಜೆಯಲ್ಲಿ ಮುಗಿಯುವ ಚಿಕ್ಕ ಆಟ. ಇಂಥದ್ದೊಂದು ಕನ್ನಡದಲ್ಲಿ ಬರಬಾರದೇ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳುತ್ತೇನೆ, ಆದರೆ ಕೇಳುವವರೇ ಹೆಚ್ಚಾಗಿದ್ದೇವೆ.

ಮೊದಲನೆಯದು ರಿಟರ್ನ್ ಆಫ್ ದಿ ಓಬ್ರಾ ಡಿನ್ (2018). ಲೂಕಸ್ ಪೋಪ್ ಮಾಡಿದ್ದು. ಕಾಣೆಯಾಗಿದ್ದ ಹಡಗೊಂದು 1807ರಲ್ಲಿ ಜನರಿಲ್ಲದೆ ಬಂದರಿಗೆ ಮರಳುತ್ತದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರಿಶೀಲಕ. ಹಡಗಿನಲ್ಲಿದ್ದ 60 ಮಂದಿಯಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಎಂದು ದಫ್ತರದಲ್ಲಿ ಬರೆಯಬೇಕು. ಕೈಯಲ್ಲಿ ಒಂದು ಗಡಿಯಾರ. ಹೆಣದ ಬಳಿ ಅದನ್ನು ತೆರೆದರೆ ಆ ವ್ಯಕ್ತಿ ಸತ್ತ ಕ್ಷಣ ಕಣ್ಣ ಮುಂದೆ ನಿಲ್ಲುತ್ತದೆ. ಚಲಿಸುವುದಿಲ್ಲ, ನಿಂತಿರುತ್ತದೆ. ಅದರೊಳಗೆ ನಾವು ಓಡಾಡಿ ನೋಡಬೇಕು.

ಹೆಸರು ಕಿವಿಗೆ ಬೀಳುವುದು ಅಪರೂಪ. ಮಾತಿನ ಧಾಟಿ, ತೂಗುಹಾಸಿಗೆಯ ಮೇಲಿನ ಸಂಖ್ಯೆ, ಕಾಲಿನ ಬೂಟು, ಯಾರು ಯಾರ ಪಕ್ಕ ಕುಳಿತಿದ್ದಾರೆ, ಹೆಚ್ಚಾಗಿ ಇಂಥವುಗಳಿಂದಲೇ ಹಿಡಿಯಬೇಕು. ಮೂವರ ವಿವರ ಸರಿಯಾದಾಗ ಮಾತ್ರ ಆಟ ಒಪ್ಪಿಕೊಳ್ಳುತ್ತದೆ, ಹಾಗಾಗಿ ಸುಮ್ಮನೆ ಊಹಿಸಿ ಪಾರಾಗಲು ಆಗದು. ಭಾರತದ ನಾವಿಕರೂ ಇದ್ದಾರೆ. ಅವರನ್ನು ಒಬ್ಬರಿಂದೊಬ್ಬರು ಬೇರೆ ಮಾಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಪಟ್ಟಿಯಲ್ಲಿ "ಭಾರತ" ಎಂದಷ್ಟೇ ಇರುತ್ತದೆ, ಮುಖ ನೋಡಿ ಹೆಸರು ಹಚ್ಚಬೇಕು.

ಚಿತ್ರವೆಲ್ಲ ಎರಡೇ ಬಣ್ಣ. ಗ್ರಾಫಿಕ್ಸ್ ಕಾರ್ಡ್ ಬೇಡ. ಕರೆಂಟ್ ಹೋದರೆ ಹೆಚ್ಚೇನೂ ನಷ್ಟವಿಲ್ಲ, ಗೋಕಾಕದವರ ಅಳತೆಯಲ್ಲೂ ಪಾಸಾಗುತ್ತದೆ.

ಘಟಪ್ರಭಾ ದಂಡಿ · ಗೋಕಾಕ

ಮೇಷ್ಟ್ರ, ಇವತ್ತ ತಗೋತೀನ್ರಿ.

ಕೂಡಲಸಂಗಮ ಎಕ್ಸ್‌ಪ್ರೆಸ್ · ಹುನಗುಂದ

ಯಾರೂ ಬಸ್ ಬಗ್ಗೆ ಬರೀಲಿಲ್ಲ ಅಂದ್ರ ಹ್ಯಾಂಗ? ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಪುಕಟ ಆಟ, ಫೋನಿನ್ಯಾಗ ಆಡೂದು. ನಮ್ಮ ಅಳಿಯಾ ಹಚ್ಚಿಕೊಟ್ಟ. ರಸ್ತೆ ಇಂಡೋನೇಷ್ಯಾದವು, ಆದ್ರ ನಮ್ಮ ಹುಡುಗ್ರು ಮಾಡಿದ ಮಾಡ್, ಅಂದ್ರ ಆಟದ ರೂಪಾ ಬದಲಸೂ ಫೈಲ್ ಹಾಕ್ಕೊಂಡ್ರ ಬಸ್ ನಮ್ಮದ. ವಾಯವ್ಯ ಕರ್ನಾಟಕ ಸಾರಿಗೆ ಬಣ್ಣ, ಮುಂದ ಬಾಗಲಕೋಟೆ–ಕೂಡಲಸಂಗಮ ಬೋರ್ಡು, ಒಳಗ ದೇವರ ಫೋಟೋ ಮತ್ತ ಕೆಂಪು ಲೈಟು. ಅಲ್ಲೂ ನಮ್ಮಂಗ ಎಡಗಡೆ ಗಾಡಿ ಓಡಸೂದು, ಅದಕ್ಕ ಹೊಂದತೈತಿ. ಜಾವಾ ದ್ವೀಪದಾಗ ತೆಂಗಿನ ಗಿಡದ ನಡುವ ನಮ್ಮ ಬಸ್ ಹೊಂಟಿರತೈತಿ, ಹಿಂದ ಲಾರಿ. ಹಾರ್ನ್ ಮಾತ್ರ ಅವರದ, ತೆಲೊಲೆಟ್ ಅಂತ ಪೀಪಿ ಊದಿದಂಗ.

ಯೂರೋ ಟ್ರಕ್ 2 ಸೈತ ಆಡೀನಿ, ಅದು ಛಲೋ ಆಟ. ಆದ್ರ ಅಲ್ಲಿ ರಸ್ತೆ ಭಾಳ ಸ್ವಚ್ಛ. ಎಮ್ಮಿ ಬರಂಗಿಲ್ಲ.

ಹಿಂದಿನ ಬೆಂಚ್ · ಬೆಳಗಾವಿ

ವಿಜಯಪುರದವರು ಕಲ್ಯಾಣ ಕರ್ನಾಟಕ ಸಾರಿಗೆ ಮಾಡ್ ಹಾಕ್ಕೊಬೇಕ್ರಿ, ಅವರ ಡಿವಿಜನ್ ಆ ಕಡೆ ಬರತೈತಿ. ನಮ್ಮ ಬಣ್ಣ ಹಚ್ಚಬ್ಯಾಡ್ರಿ.

ಕೂಡಲಸಂಗಮ ಎಕ್ಸ್‌ಪ್ರೆಸ್ · ಹುನಗುಂದ

ಅಲ್ಲೂ ಗಡಿ ಜಗಳಾ ತಂದ್ಯಾ?

ಜಮಖಂಡಿ ನೋಟ್‌ಬುಕ್ · ಬಾಗಲಕೋಟೆ ಜಿಲ್ಲಾ

ಮೇಷ್ಟ್ರು ಬರದದ್ದು ಓದಿದ ಮ್ಯಾಲ ನಂದೂ ಹೇಳಬೇಕು ಅನಿಸ್ತು. ಬ್ಲೂ ಪ್ರಿನ್ಸ್. ಏಪ್ರಿಲ್ 2025. ಅಜ್ಜನ ವರಸಿಯ ಸಂಬಂಧಿಕನ ವಾಡೆ ನಿಮಗ ಬರೂದೈತಿ, ಆದ್ರ ಒಂದು ಷರತ್ತು: 45 ಕೋಣಿ ಇರೂ ಮನ್ಯಾಗ 46ನೇ ಕೋಣಿ ಹುಡುಕಬೇಕು. ಒಂದೊಂದು ಬಾಗಲಾ ತೆರದಾಗ ಆ ಕಡೆ ಯಾವ ಕೋಣಿ ಇರಬೇಕು ಅನ್ನೂದು ಮೂರರಾಗ ಒಂದು ನೀವ ಆರಿಸ್ಕೊಬೇಕು. ಮರುದಿನಾ ಮನಿ ಪೂರಾ ಅಳಿಸಿ ಮತ್ತ ಹೊಸದಾಗಿ ಸುರು. ಹೆಚ್ಚು ಮಾಡಿ ಉಳಿಯೂದು ನೀವು ಹಾಳ್ಯಾಗ ಬರಕೊಂಡದ್ದು. ನಾ ಅಂಗಡಿ ಉದ್ರಿ ವಹಿ ಹಿಂದಿನ ಪುಟದಾಗ ಬರಕೋತ ಹೋದೆ. ಈಗ ಅದರಾಗ ಯಾರ ಬಾಕಿ ಎಷ್ಟು, ಯಾವ ಪೆಟ್ಟಗಿ ಗುಪ್ತ ಸಂಖ್ಯಾ ಎಷ್ಟು, ಎಲ್ಲಾ ಕಲಸಿಬಿಟ್ಟೈತಿ.

ಕುಂದಾ ಅಣ್ಣಾರು ಪ್ರಶಸ್ತಿ ಮಾತು ತಗದ್ರಲ್ಲ, ಡಿಸೆಂಬರ್‌ದಾಗ ಇಂಡೀ ಗೇಮ್ ಅವಾರ್ಡ್ಸ್‌ನವರು ಎಕ್ಸ್‌ಪೆಡಿಶನ್ 33ಕ್ಕ ಕೊಟ್ಟ ವರ್ಷದ ಆಟ ಪ್ರಶಸ್ತಿ ತಿರುಗಿ ತಗೊಂಡ್ರು. ಆಟ ಮಾಡೂ ಮುಂದ ಎಐ ಉಪಯೋಗಿಸಿದ್ದು ಅವರ ನಿಯಮಕ್ಕ ಅಡ್ಡ ಬಂತು. ಆ ಪ್ರಶಸ್ತಿ ಬ್ಲೂ ಪ್ರಿನ್ಸ್‌ಗೆ ಹೋತು.

ಖಡೇಬಜಾರ್ ಕುಂದಾ · ಬೆಳಗಾವಿ

ಗೊತ್ತೈತಿ. ಓದಿದಾಗ ಬ್ಯಾಸರಾತು, ಖರೇ. ಆದ್ರ ನನ್ನ ಒಂದನೇದ್ದು ಅದ ಉಳೀತೈತಿ. ಆ ಹಾಡು ಮನಷಾರ ಹಾಡಿದ್ದು, ಆ ಅಳು ನನಗ ಬಂದದ್ದು. ಪ್ರಶಸ್ತಿ ಯಾರರೆ ತಗೊಳ್ಳಿ. ಹಾಂ, ಬುರುಜಣ್ಣಾ, ನಗಬ್ಯಾಡ್ರಿ. ನೀವು ಹೇಳೂದೂ ಅದ ಅಂತ ಗೊತ್ತೈತಿ.

ಉಪ್ಪಲಿ ಬುರುಜ್ · ವಿಜಯಪುರ

ನಕ್ಕಿಲ್ಲ. ಸಿಲ್ಕ್‌ಸಾಂಗ್ ಬಗ್ಗೆ ಯಾರೂ ಜಗಳಾ ತಗೀಲಿಲ್ಲ, ಅದ ನನಗ ಆಶ್ಚರ್ಯ.

ಘಟಪ್ರಭಾ ದಂಡಿ · ಗೋಕಾಕ

ಜಗಳಾ ತಗಿಯೂವಷ್ಟು ಶಕ್ತಿ ಉಳದ್ರ ತಾನ? ಅದರಾಗ ಲಾಸ್ಟ್ ಜಡ್ಜ್ ಅಂತ ಒಂದು ದೊಡ್ಡ ಶತ್ರು, ಅದರ ಹಂತ್ಯಾಕ ಹೋಗೂ ದಾರಿನ ಅದಕ್ಕಿಂತ ದೊಡ್ಡ ಶತ್ರು. ಸತ್ತಾಗೊಮ್ಮೆ ಬೆಂಚ್‌ದಿಂದ ಆ ಉರಿ ಬಿಸಲಾಗ ಜಿಗದ ಜಿಗದ ಹೋಗಬೇಕು, ಹೋಗೂದ್ರೊಳಗ ಅರ್ಧ ಜೀವ ಖಾಲಿ. ಒಂದೊಂದು ಪೆಟ್ಟಿಗೆ ಎರಡೆರಡು ಜೀವ ಕಡಿತಾರ. ಸುರುವಿನ ಒಂದೆರಡು ಶತ್ರುಗಳನ್ನ ಮಾಡಿದವರ ಆಮ್ಯಾಲ ಸ್ವಲ್ಪ ಸಡಿಲ ಮಾಡಿದ್ರು, ಅಂದ್ರ ತಿಳೀರಿ. ಚಿತ್ರ, ಸಂಗೀತ, ನಾವು ಆಡಸೂ ಹಾರ್ನೆಟ್‌ನ ಓಟ, ಎಲ್ಲಾದಕ್ಕೂ ನೂರಕ್ಕ ನೂರು. ದಾರಿಗೆ ಸೊನ್ನಿ.

ನವನಗರ ಸ್ಕ್ವಾಡ್ · ಬಾಗಲಕೋಟೆ

ಎಲ್ಲಾ ಓದಿದೆ. ಕಾಕಾ (ಬಿಡಂಗಿಲ್ಲ), ನಮ್ಮ ಅಕ್ಕನ ಹಳೇ ಲ್ಯಾಪ್‌ಟಾಪ್ ಐತಿ. 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನಿಮ್ಮ ಹೆನ್ರಿ ಓಡತಾನೇನು?

ಉಪ್ಪಲಿ ಬುರುಜ್ · ವಿಜಯಪುರ

ಓಡಂಗಿಲ್ಲೋ. ಕಿಂಗ್‌ಡಮ್ ಕಮ್ 2ಕ್ಕ ಕಡಿಮ್ಯಾಗ ಕಡಿಮಿ 16 ಜಿಬಿ ರ‍್ಯಾಮ್ ಬೇಕು, ಮ್ಯಾಲ ಗ್ರಾಫಿಕ್ಸ್ ಕಾರ್ಡು, 100 ಜಿಬಿ ಜಾಗಾ. ರ‍್ಯಾಮ್ ಹಾಕಸಾಕ ಈಗ ಹೋಗಬ್ಯಾಡ, ಹೋದ ವರ್ಷದ ಕೊನೀಗೆ ಅದರ ರೇಟು ಮುಗಲಿಗೆ ಹೋಗೇದ. ನಿನ್ನ ಮಷೀನಿನ್ಯಾಗ ಬಲಾಟ್ರೋ ಓಡ್ತದ, ಸ್ಟಾರ್‌ಡ್ಯೂ ಓಡ್ತದ, ಮೇಷ್ಟ್ರ ಹಡಗೂ ಓಡ್ತದ. ಸಿಲ್ಕ್‌ಸಾಂಗ್ ಸೆಟ್ಟಿಂಗ್ ಇಳಿಸಿ ನೋಡು. ಸ್ಟೀಮ್ ಅನ್ನೂ ಆನ್‌ಲೈನ್ ಆಟದ ಅಂಗಡ್ಯಾಗ ಯುಪಿಐಲೆ ರೊಕ್ಕಾ ಕೊಡಾಕ ಬರ್ತದ, ಆದ್ರ ಪೂರಾ ಬೆಲಿಗೆ ತಗೋಬ್ಯಾಡ, ಪಟ್ಟಿಗೆ ಹಾಕಿ ಇಡು, ರಿಯಾಯಿತಿ ಬಂದಾಗ ಮೇಲ್ ಬರ್ತದ.

ತಿಕೋಟಾ ಒಣದ್ರಾಕ್ಷಿ · ವಿಜಯಪುರ ಜಿಲ್ಲಾ

ಸ್ಟಾರ್‌ಡ್ಯೂದಾಗ ನಾಕು ಮಂದಿ ಕೂಡಿ ಒಂದ ಹೊಲ ಮಾಡಾಕ ಬರ್ತದ. ನಿಮ್ಮ ಸ್ಕ್ವಾಡ್ ಕರಕೊಂಡು ಬಾ. ಮದ್ಲ ಹೊಲದಾಗಿನ ಕಲ್ಲು ತಗೀಬೇಕು, ನಾ ಹೇಳಿಕೊಡ್ತೀನಿ.

ನವನಗರ ಸ್ಕ್ವಾಡ್ · ಬಾಗಲಕೋಟೆ

ಬಂದೂಕು ಸಿಗತೈತೇನ್ರಿ ಅಕ್ಕಾರ?

ತಿಕೋಟಾ ಒಣದ್ರಾಕ್ಷಿ · ವಿಜಯಪುರ ಜಿಲ್ಲಾ

ಕವಣಿ ಸಿಗ್ತದ. ಅದೂ ಗಣಿಯೊಳಗ ಭಾಳ ಕೆಳಗ ಇಳದ ಮ್ಯಾಲ.